ಓದಿ ಕೈ ಎತ್ತಿದ್ರಾ?

ಮಾನ್ಯ ಸಂಪಾದಕರೇ,

ಇರಾಕ್ ಯುದ್ಧಕ್ಕೆ ಮತ ಹಾಕಿದ ಅಮೆರಿಕದ ರಾಜಕಾರಣಿಗಳು ಈಗ ಕ್ಷಮೆ ಕೇಳಿ ಏನು ಪ್ರಯೋಜನ, ಸತ್ತವರು ಎದ್ದು ಬರ್ತಾರಾ ಎಂದು ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಬರಲ್ಲ, ಒಪ್ಪಿದೆ. ಆದರೆ ಅದೇ ಲೆಕ್ಕ ಹಿಡಿದರೆ ನಮ್ಮ ಕೋರ್ಟುಗಳಿಗೂ ಬೀಗ ಹಾಕಬೇಕಾಗುತ್ತದೆ. ಕೊಲೆ ಕೇಸಿನಲ್ಲಿ ತೀರ್ಪು ಬಂದ ದಿನ ಯಾರು ಎದ್ದು ಬಂದಿದ್ದಾರೆ?

ಮೊದಲು ಆ ಮತದ ಕಥೆ ನೋಡೋಣ. 2002ರ ಅಕ್ಟೋಬರ್ 10ರಂದು ಅಲ್ಲಿನ ಕೆಳಮನೆಯಲ್ಲಿ 296 ಜನ ಅಧ್ಯಕ್ಷ ಬುಷ್‌ಗೆ ಯುದ್ಧದ ಅಧಿಕಾರ ಕೊಡೋಣ ಅಂದರು, 133 ಜನ ಬೇಡ ಅಂದರು. ಮಾರನೇ ದಿನ ಮೇಲ್ಮನೆ ಸೆನೆಟ್‌ನಲ್ಲಿ 77ಕ್ಕೆ 23. ಮುಂದಿನ ಮಾರ್ಚ್‌ಗೆ ಯುದ್ಧ ಶುರು. ಇದೆ ಇದೆ ಎಂದು ಹೆದರಿಸಿದ್ದ ಆ ಸಮೂಹ ನಾಶದ ಅಸ್ತ್ರಗಳು ಕೊನೆಗೂ ಸಿಗಲಿಲ್ಲ. ಅಮೆರಿಕದ ಸೈನಿಕರೇ 4,400ಕ್ಕೂ ಜಾಸ್ತಿ ಸತ್ತರು. ಇರಾಕಿನ ಸಾಮಾನ್ಯ ಜನರ ಲೆಕ್ಕ ಎಷ್ಟು ಬಿಗಿ ಹಿಡಿದರೂ ಲಕ್ಷ ದಾಟುತ್ತದೆ.

ಹೂಂ ಅಂದವರಲ್ಲಿ ಎಷ್ಟೋ ಜನರ ಬಾಯಲ್ಲಿ ಆಮೇಲೆ ಬಂದದ್ದು ಒಂದೇ ಮಾತು. ಆಗ ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಬೇಡ ಅಂತಿದ್ವಿ. ಅಲ್ಲಾ ಸ್ವಾಮಿ, 133 ಮತ್ತು 23 ಕೂಡಿಸಿದರೆ 156 ಆಗುತ್ತದಲ್ವಾ? ಅದೇ ಸದನಗಳಲ್ಲಿ ಅದೇ ವಾರ ಕೂತಿದ್ದ ಈ 156 ಜನಕ್ಕೆ ಹೇಗೆ ಅನುಮಾನ ಬಂತು? ಮಿನೆಸೋಟದ ಸೆನೆಟರ್ ಪಾಲ್ ವೆಲ್‌ಸ್ಟೋನ್‌ಗೆ ಮುಂದಿನ ತಿಂಗಳೇ ಚುನಾವಣೆ ಇತ್ತು, ಅದೂ ಗೆಲುವು ಸೋಲು ಯಾವ ಕಡೆ ಬೇಕಾದರೂ ವಾಲಬಹುದಾದ ಚುನಾವಣೆ, ಆದರೂ ಬೇಡ ಅಂದರು. (ಪಾಪ, ಎರಡೇ ವಾರದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.) ವಯಸ್ಸು 85ರ ಹತ್ತಿರ ಬಂದಿದ್ದ ಸೆನೆಟರ್ ರಾಬರ್ಟ್ ಬರ್ಡ್, 1964ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿಕೊಟ್ಟ ಟಾಂಕಿನ್ ಕೊಲ್ಲಿ ನಿರ್ಣಯಕ್ಕೆ ತಾನೂ ಹೂಂ ಅಂದಿದ್ದೆ, ಆ ತಪ್ಪು ಮತ್ತೆ ಮಾಡಲ್ಲ ಅಂತ ಹಟ ಹಿಡಿದರು.

ಇನ್ನೊಂದು ವಿಷಯ ನನಗೆ ಜಾಸ್ತಿ ಚುಚ್ಚುತ್ತದೆ. ಗುಪ್ತಚರ ಇಲಾಖೆಗಳು ಸೇರಿ ಆ ಅಸ್ತ್ರಗಳ ಬಗ್ಗೆ ಬರೆದ 90ಕ್ಕೂ ಹೆಚ್ಚು ಪುಟದ ವರದಿಯೊಂದು ಮತಕ್ಕೆ ಹತ್ತು ದಿನ ಮೊದಲೇ ಸಂಸದರಿಗೆ ಸಿಕ್ಕಿತ್ತು. ಕಾವಲಿನ ಕೋಣೆಗೆ ಹೋಗಿ ಕೂತು ಓದಬೇಕಿತ್ತು, ಅಷ್ಟೇ. ಅವರದೇ ವಿದೇಶಾಂಗ ಇಲಾಖೆಯ ಅನುಮಾನಗಳೂ ಅದರೊಳಗಿದ್ದವು. ಪೂರ್ತಿ ಓದಿದ ಸೆನೆಟರ್‌ಗಳು ಬೆರಳೆಣಿಕೆಯಷ್ಟು ಎಂದು ಆಮೇಲೆ ಅಲ್ಲಿನ ಪತ್ರಿಕೆಗಳೇ ಬರೆದವು. ಓದಿದವರಲ್ಲಿ ಒಬ್ಬರು ಬಾಬ್ ಗ್ರಹಾಂ. ಅವರು ಬೇಡ ಅಂತ ಮತ ಹಾಕಿದರು.

ಚುಚ್ಚುವುದಕ್ಕೆ ಕಾರಣ ಇದೆ. ನಮ್ಮೂರ ಹಾಲಿನ ಸಂಘದಲ್ಲಿ ನಾನೂ ಒಂದು ಅವಧಿ ನಿರ್ದೇಶಕ ಆಗಿದ್ದೆ. ಒಂದು ಸಂಜೆ ಕಾರ್ಯದರ್ಶಿ ನಡಾವಳಿ ಪುಸ್ತಕ ತಂದು ಮುಂದಿಟ್ಟ, ಹೊಸ ಕಟ್ಟಡದ ಠರಾವು ಅಂದ, ಪಕ್ಕದವನು ಸಹಿ ಹಾಕಿ ಪೆನ್ನು ನನ್ನ ಕೈಗೆ ಕೊಟ್ಟ, ನಾನೂ ಹಾಕಿ ಕಾಫಿ ಕುಡಿದು ಎದ್ದು ಬಂದೆ. ಆ ವರ್ಷ ಹಾಲು ಹಾಕುವವರಿಗೆ ಬೋನಸ್ಸೇ ಇಲ್ಲ, ದುಡ್ಡೆಲ್ಲ ಗೋಡೆಗೆ ಹೋಗಿತ್ತು. ವಾರ್ಷಿಕ ಸಭೆಯಲ್ಲಿ ಎರಡು ಹಸು ಸಾಕಿಕೊಂಡಿದ್ದ ಒಬ್ಬ ಅಜ್ಜಿ ಎದ್ದು ನಿಂತು, 'ಓದಿ ಸೈನ್ ಹಾಕ್ದ್ಯೇನಪ್ಪಾ?' ಅಂದರು. ಪಕ್ಕದವನು ಎಲ್ಲರೂ ಹಾಕಿದ್ರು ಕಣಮ್ಮ ಅಂದ. ನನಗೆ ಏನು ತೋಚಿತೋ, ಇಲ್ಲಮ್ಮ, ಓದಿರಲಿಲ್ಲ, ತಪ್ಪಾಯ್ತು ಅಂದೆ. ಹೋದ ದುಡ್ಡು ಬರಲಿಲ್ಲ. ಆದರೆ ಮುಂದಿನ ತಿಂಗಳಿಂದ ಠರಾವನ್ನು ಜೋರಾಗಿ ಓದಿಯೇ ಪುಸ್ತಕ ಮುಂದಿಡುವುದು ಶುರುವಾಯಿತು. ಡೈರಿಯ ಗೋಡೆಗೂ ಯುದ್ಧಕ್ಕೂ ಹೋಲಿಕೆ ಇಲ್ಲ, ಗೊತ್ತು. ಅಜ್ಜಿಯ ಪ್ರಶ್ನೆ ಮಾತ್ರ ಎರಡು ಕಡೆಗೂ ಒಂದೇ.

ಆ ಪ್ರಶ್ನೆ ಇಟ್ಟುಕೊಂಡು ಅವತ್ತು ಹೂಂ ಅಂದ ಸೆನೆಟರ್‌ಗಳ ಕ್ಷಮೆಗಳನ್ನು ನೋಡಿ. ಜಾನ್ ಎಡ್ವರ್ಡ್ಸ್ 2005ರಲ್ಲಿ ಪತ್ರಿಕೆಗೆ ಲೇಖನ ಬರೆದು ಮೊದಲ ಸಾಲಿನಲ್ಲೇ ನನ್ನದು ತಪ್ಪು ಅಂದರು. ಅಧ್ಯಕ್ಷರಾಗುವ ಆಸೆ ಇತ್ತು, ಲೆಕ್ಕಾಚಾರ ಇರಲಿಲ್ಲ ಅಂತ ನಾನು ಹೇಳಲ್ಲ, ಆದರೂ ಸುತ್ತಿ ಬಳಸಿ ಹೇಳಲಿಲ್ಲ. ಜೋ ಬೈಡನ್ ಕೂಡ ತಪ್ಪಾಯಿತು ಅಂದರು, ಏನು ತಪ್ಪು ಅಂದರೆ ಬುಷ್ ಆ ಅಧಿಕಾರವನ್ನು ಸರಿಯಾಗಿ ಬಳಸುತ್ತಾರೆ ಎಂದು ನಂಬಿದ್ದು! ಹಿಲರಿ ಕ್ಲಿಂಟನ್ 2007ರಲ್ಲಿ ಅಧ್ಯಕ್ಷ ಚುನಾವಣೆಗೆ ಪಕ್ಷದ ಟಿಕೆಟ್ ಕೇಳುತ್ತಾ, ತಪ್ಪು ಒಪ್ಪಿಕೊಂಡವರೇ ಬೇಕು ಅನ್ನುವುದಾದರೆ ಬೇರೆಯವರಿದ್ದಾರೆ, ಆರಿಸಿಕೊಳ್ಳಿ ಎಂದು ಮತದಾರರಿಗೇ ಹೇಳಿಬಿಟ್ಟರು. ಜನ ಬೇರೆಯವರನ್ನೇ ಆರಿಸಿಕೊಂಡರು. 2002ರಲ್ಲೇ ಶಿಕಾಗೋದ ಸಭೆಯಲ್ಲಿ ಈ ಯುದ್ಧ ಬೇಡ ಎಂದು ಭಾಷಣ ಮಾಡಿದ್ದ ಒಬಾಮಾಗೆ ಟಿಕೆಟ್ ಸಿಕ್ಕಿತು. ಹಿಲರಿ ತಪ್ಪೆಂದು ಬರೆದದ್ದು 2014ರ ಪುಸ್ತಕದಲ್ಲಿ, ಅಂದರೆ ಹನ್ನೆರಡು ವರ್ಷ ಕಳೆದ ಮೇಲೆ.

ಕ್ಷಮೆ ಅಂದರೆ ನನಗೆ ನೆನಪಾಗುವುದು ಇವರಾರೂ ಅಲ್ಲ, ವಾಲ್ಟರ್ ಜೋನ್ಸ್. ನಾರ್ತ್ ಕರೊಲಿನಾದ ಸಂಸದ, ಬುಷ್ ಅವರದೇ ರಿಪಬ್ಲಿಕನ್ ಪಕ್ಷ, ಇವರೂ ಹೂಂ ಅಂದಿದ್ದವರೇ. ಫ್ರಾನ್ಸ್ ಯುದ್ಧಕ್ಕೆ ಅಡ್ಡ ನಿಂತಿತೆಂಬ ಸಿಟ್ಟಿಗೆ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್‌ಗೆ ಫ್ರೀಡಂ ಫ್ರೈಸ್ ಎಂದು ಹೆಸರು ಬದಲಿಸಿದವರಲ್ಲಿ ಇವರೂ ಒಬ್ಬರು, ಅಷ್ಟು ಆವೇಶ. ಯುದ್ಧ ಶುರುವಾದ ಸ್ವಲ್ಪ ದಿನಕ್ಕೆ ತಮ್ಮ ಕ್ಷೇತ್ರದ ಸೇನಾ ನೆಲೆಯಲ್ಲಿ ಒಬ್ಬ ಯೋಧನ ಅಂತ್ಯಕ್ರಿಯೆಗೆ ಹೋಗಿ ಬಂದರು. ಅಲ್ಲಿಂದ ಮನುಷ್ಯ ಬದಲಾದ. ಸತ್ತ ಸೈನಿಕರ ಮನೆಯವರಿಗೆ ಕಾಗದ ಬರೆಯಲು ಕೂತರು. 11,000ಕ್ಕೂ ಹೆಚ್ಚು ಕಾಗದಗಳಿಗೆ ಸಹಿ ಹಾಕಿದರು. ತಮ್ಮ ಕಚೇರಿಯ ಹೊರಗಿನ ಗೋಡೆ ತುಂಬ ಸತ್ತವರ ಫೋಟೋ ಹಾಕಿಸಿದರು, ಬಾಗಿಲಿಗೆ ಬಂದವರೆಲ್ಲ ಆ ಮುಖಗಳನ್ನು ದಾಟಿಯೇ ಒಳಗೆ ಹೋಗಬೇಕಿತ್ತು. 2019ರಲ್ಲಿ ತೀರಿಕೊಂಡರು. ಸ್ವಂತ ಪಕ್ಷದವರು ದೂರ ಇಟ್ಟರು, ಕ್ಷೇತ್ರದ ಜನ ಮಾತ್ರ ಮತ್ತೆ ಮತ್ತೆ ಗೆಲ್ಲಿಸಿದರು. ಸೇನಾ ನೆಲೆ ಇರುವ ಕ್ಷೇತ್ರದ ಜನ, ನೆನಪಿರಲಿ.

ನಮ್ಮ ಲೋಕಸಭೆ 2003ರ ಏಪ್ರಿಲ್‌ನಲ್ಲಿ ಈ ಯುದ್ಧವನ್ನು ಒಮ್ಮತದಿಂದ ಟೀಕಿಸಿತು, ಖಂಡನೆಯೋ ವಿಷಾದವೋ ಎಂದು ಜಗಳವಾಡಿ ಕೊನೆಗೆ 'ನಿಂದಾ' ಎಂಬ ಹಿಂದಿ ಪದಕ್ಕೆ ಬಂದು ನಿಂತಿತು. ಜುಲೈನಲ್ಲಿ ವಾಜಪೇಯಿ ಸರ್ಕಾರ ಸೈನ್ಯ ಕಳಿಸಲ್ಲ ಅಂದಿತು. ಒಳ್ಳೆಯದೇ ಆಯಿತು. ಆದರೆ 1987ರಲ್ಲಿ ಶ್ರೀಲಂಕಾಗೆ ಹೋದ ನಮ್ಮ ಶಾಂತಿಪಾಲನಾ ಪಡೆಯಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಸತ್ತರಲ್ಲ, ಅದನ್ನು ಮೊದಲು ಸಂಸತ್ತಿನಲ್ಲಿ ಮತಕ್ಕೆ ಹಾಕಿರಲೇ ಇಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ರಾಜೀವ್ ಗಾಂಧಿ ಹೆಸರು ಬಿಟ್ಟರೆ, ಆಗಿನ ನಮ್ಮ ಕ್ಷೇತ್ರದ ಸಂಸದರು ಹೂಂ ಅಂದಿದ್ದರೋ ಉಹೂಂ ಅಂದಿದ್ದರೋ ತೋರಿಸುವ ಮತದ ದಾಖಲೆಯೇ ಇಲ್ಲ. ಓದಿ ಸಹಿ ಹಾಕಿದ್ರಾ ಎಂದು ಕೇಳುವುದಕ್ಕೆ ಮೊದಲು ಸಹಿ ಅಂತ ಒಂದು ಇರಬೇಕಲ್ಲ?

ಇತಿ,
ಹಾಲಿನ ಸಂಘದ ಮಾಜಿ ನಿರ್ದೇಶಕ,
ತುಮಕೂರು ಜಿಲ್ಲೆ