ಪೆನ್‌ಡ್ರೈವ್ ರೆಕಾರ್ಡಿಂಗ್‌ಗೆ ಕನ್ವರ್ಟರ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಸೆಟ್‌ಟಾಪ್ ಬಾಕ್ಸ್‌ನಲ್ಲಿ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿಕೊಂಡ ಟಿವಿ ಕಾರ್ಯಕ್ರಮ ಮನೆಯ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದು ಓದುಗರೊಬ್ಬರು ಕೇಳಿದ್ದರು. ‘ಯಾವುದಾದರೂ ಕನ್ವರ್ಟರ್ ಹಾಕಿ ಎಂಪಿ4 ಮಾಡಿಕೊಳ್ಳಿ’ ಎಂಬುದು ತಮ್ಮ ತಂತ್ರಜ್ಞಾನ ಅಂಕಣ ಕೊಟ್ಟ ಉತ್ತರ (ಕನ್ವರ್ಟರ್ ಎಂದರೆ ಫೈಲಿನ ರೂಪ ಬದಲಿಸುವ ತಂತ್ರಾಂಶ). ಇದನ್ನು ನಂಬಿದವರಲ್ಲಿ ಕೆಲವರ ಸಮಯ ದಂಡವಾಗುತ್ತದೆ, ಮಿಕ್ಕವರ ಚಿತ್ರ ಕೆಡುತ್ತದೆ. ಫೈಲಿಗೆ ಬೀಗ ಬಿದ್ದಿದ್ದರೆ, ಅಂದರೆ ಅದನ್ನು ಗೂಢಲಿಪಿಯಲ್ಲಿ ಬರೆದಿದ್ದರೆ, ಯಾವ ಕನ್ವರ್ಟರೂ ಅದನ್ನು ತೆರೆಯಲಾರದು. ಬೀಗವಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ನೋಡಲು ಕನ್ವರ್ಟರಿನ ಅಗತ್ಯವೇ ಇಲ್ಲ.

ಬಾಕ್ಸ್ ಚಿತ್ರವನ್ನು ಹೊಸದಾಗಿ ತಯಾರಿಸುವುದಿಲ್ಲ. ಉಪಗ್ರಹದಿಂದ ಬಂದ ಡಿಜಿಟಲ್ ಪ್ರವಾಹದಲ್ಲಿ ನಾವು ನೋಡುತ್ತಿರುವ ಚಾನೆಲ್‌ನ ಭಾಗವನ್ನಷ್ಟೇ ಹೆಕ್ಕಿ ಬರೆದಿಡುತ್ತದೆ. ಇದಕ್ಕೆ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್, ಚಿಕ್ಕದಾಗಿ ಟಿಎಸ್ ಎನ್ನುತ್ತಾರೆ. 188 ಬೈಟ್‌ಗಳ ಪೊಟ್ಟಣಗಳು ಒಂದರ ಹಿಂದೊಂದು ಇರುತ್ತವೆ, ಅಷ್ಟೆ. ಪ್ರಸಾರ ಭಾರತಿಯ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್ ಮೂಲಕ ಚಂದನವನ್ನು ರೆಕಾರ್ಡ್ ಮಾಡಿಕೊಂಡರೆ ಪೆನ್‌ಡ್ರೈವ್‌ಗೆ ಬರುವುದು ಸಾಮಾನ್ಯವಾಗಿ ಬೀಗವಿಲ್ಲದ ಟಿಎಸ್. ಚಂದಾ ಕಟ್ಟುವ ಡಿಟಿಎಚ್‌ನ ರೆಕಾರ್ಡರ್ ಬಾಕ್ಸ್‌ಗಳು ಹಾಗಲ್ಲ. ಅವು ಬರೆಯುವಾಗಲೇ ತಮ್ಮದೇ ಕೀಲಿಯಿಂದ ಫೈಲನ್ನು ಮುಚ್ಚುತ್ತವೆ, ಆ ಕೀಲಿ ಬಾಕ್ಸ್‌ನಿಂದ ಆಚೆ ಬರುವುದಿಲ್ಲ. ಯುಎಸ್‌ಬಿ ರೆಕಾರ್ಡಿಂಗ್ ಇರುವ ಹಲವು ಟಿವಿಗಳದ್ದೂ ಇದೇ ಕ್ರಮ. ಅಂಥ ಟಿವಿ ಕೆಟ್ಟು ಅದೇ ಮಾದರಿಯ ಇನ್ನೊಂದನ್ನು ತಂದರೂ ಹಳೆಯ ರೆಕಾರ್ಡಿಂಗ್ ತೆರೆಯುವುದಿಲ್ಲ.

ಬೀಗ ಇದೆಯೋ ಇಲ್ಲವೋ ತಿಳಿಯಲು ಹೆಚ್ಚು ಹೊತ್ತು ಬೇಡ. ಐದು ನಿಮಿಷದ ಒಂದು ತುಣುಕು ರೆಕಾರ್ಡ್ ಮಾಡಿ, ಬಾಕ್ಸ್‌ನ ಮೆನುವಿನಲ್ಲಿ ‘ರಿಮೂವ್ ಯುಎಸ್‌ಬಿ’ ಒತ್ತಿದ ಮೇಲೆಯೇ ಪೆನ್‌ಡ್ರೈವ್ ಕೀಳಿ. ಕಂಪ್ಯೂಟರಿಗೆ ಚುಚ್ಚಿದಾಗ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಕೆಟ್ಟಿರುವುದಿಲ್ಲ, ಬಾಕ್ಸ್ ತನಗೆ ಬೇಕಾದ ಬೇರೆ ವ್ಯವಸ್ಥೆಯಲ್ಲಿ ಅದನ್ನು ಸಿದ್ಧಪಡಿಸಿಕೊಂಡಿರುತ್ತದೆ. ಇಲ್ಲಿ ಅವಸರಪಟ್ಟು ಒಕೆ ಒತ್ತಿ ರೆಕಾರ್ಡಿಂಗ್ ಕಳೆದುಕೊಳ್ಳುವವರು ಬಹಳ. ಫೋಲ್ಡರ್ ಕಂಡರೆ ಒಳಗೆ ಹೋಗಿ, ಅತಿ ದೊಡ್ಡ ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆಯಿರಿ. ಚಿತ್ರ ಬಂದರೆ ಬೀಗವಿಲ್ಲ. ಗಡಿಯಾರ ಓಡುತ್ತಿದ್ದು ಪರದೆ ಕಪ್ಪಾಗಿಯೇ ಉಳಿದರೆ, ಅಥವಾ ಫೈಲ್ ಯಾವುದೆಂದೇ ಗುರುತಾಗದಿದ್ದರೆ, ಬೀಗದ ಅನುಮಾನ ಬಲವಾಗಿದೆ.

ಫೈಲಿನ ಹೆಸರು ನೋಡಿ ಹಿಂಜರಿಯಬೇಕಿಲ್ಲ. ಅನೇಕ ಅಗ್ಗದ ಬಾಕ್ಸ್‌ಗಳು ‘ಎಎಲ್‌ಐಡಿವಿಆರ್‌ಎಸ್2’ ಎಂಬ ಫೋಲ್ಡರ್ ಮಾಡಿ, ಅದರೊಳಗೆ ದಿನಾಂಕದ ಹೆಸರಿನ ಇನ್ನೊಂದು ಫೋಲ್ಡರ್, ಅದರೊಳಗೆ 000, 001 ಎಂದು ಫೈಲುಗಳನ್ನು ಇಡುತ್ತವೆ. ಜೊತೆಗಿರುವ ಪುಟ್ಟ ಫೈಲು ಬಾಕ್ಸ್‌ನ ಸ್ವಂತ ಲೆಕ್ಕಪತ್ರ. ಕಂಪ್ಯೂಟರಿಗೆ ಅದು ಬೇಡ, ಆದರೆ ಪೆನ್‌ಡ್ರೈವ್‌ನಿಂದ ಅಳಿಸಿದರೆ ಬಾಕ್ಸ್‌ಗೆ ತನ್ನ ರೆಕಾರ್ಡಿಂಗೇ ಕಾಣದು. ಫೈಲಿನ ಹೆಸರಿನಲ್ಲಿ ಚುಕ್ಕೆಯ ನಂತರ ಬರುವ ಬಾಲದ ಅಕ್ಷರಗಳು ಟಿಎಸ್, ಎಂಟಿಎಸ್, ಟಿಆರ್‌ಪಿ, ಡಿವಿಆರ್ ಹೀಗೆ ಏನೇ ಇರಲಿ, ಕಾಪಿ ಮಾಡಿದ ಫೈಲಿನ ಬಾಲವನ್ನು ಟಿಎಸ್ ಎಂದು ಬದಲಿಸಿ ನೋಡಿ. ವಿಂಡೋಸ್ 11ರಲ್ಲಿ ಈ ಬಾಲ ಕಾಣಬೇಕಾದರೆ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಬೇಕು. ಮನೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಇದ್ದರೆ ಇನ್ನೊಂದು ತಮಾಷೆ: ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫೈಲಿಗೂ ಇದೇ ಬಾಲ, ಹಾಗಾಗಿ ಡಬಲ್ ಕ್ಲಿಕ್ ಮಾಡಿದರೆ ನಾವು ರೆಕಾರ್ಡ್ ಮಾಡಿಕೊಂಡ ಯಕ್ಷಗಾನ ಕೋಡ್ ಎಡಿಟರ್‌ನಲ್ಲಿ ತೆರೆದುಕೊಳ್ಳಲು ಹೋಗಿ ಕಂಪ್ಯೂಟರ್ ಮಂಕಾಗುತ್ತದೆ. ರೈಟ್ ಕ್ಲಿಕ್ ಮಾಡಿ ‘ಓಪನ್ ವಿತ್’ನಲ್ಲಿ ವಿಎಲ್‌ಸಿ ಆರಿಸಿ.

ವಿಂಡೋಸ್‌ನ ಸ್ವಂತ ಪ್ಲೇಯರ್‌ನಲ್ಲಿ ದನಿ ಮಾತ್ರ ಬಂದು ಚಿತ್ರ ಬಾರದಿದ್ದರೆ ತಪ್ಪು ಫೈಲಿನದ್ದಲ್ಲ. ಚಂದನದಂಥ ಸಾಧಾರಣ ಸ್ಪಷ್ಟತೆಯ ಚಾನೆಲ್‌ಗಳಲ್ಲಿ ಚಿತ್ರವನ್ನು ಕುಗ್ಗಿಸಿರುವುದು ಎಂಪೆಗ್-2 ಎಂಬ ಪದ್ಧತಿಯಲ್ಲಿರಬಹುದು. ವಿಂಡೋಸ್ 8ರಿಂದೀಚೆಗೆ ಮೈಕ್ರೋಸಾಫ್ಟ್ ಅದನ್ನು ಬಿಡಿಸಿ ತೋರಿಸುವ ಡಿಕೋಡರನ್ನು ಎಲ್ಲರಿಗೂ ಕೊಡುತ್ತಿಲ್ಲ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ‘ಎಂಪೆಗ್-2 ವಿಡಿಯೊ ಎಕ್ಸ್‌ಟೆನ್ಶನ್’ ಹಾಕಿಕೊಳ್ಳಬಹುದು. ವಿಎಲ್‌ಸಿಗೆ ಅದೂ ಬೇಡ.

ಇನ್ನು ಗಾತ್ರದ ಲೆಕ್ಕ. ಚಾನೆಲ್‌ನ ಪ್ರವಾಹ ಸೆಕೆಂಡಿಗೆ 3 ಮೆಗಾಬಿಟ್ ಎಂದು ಹಿಡಿದರೆ ಒಂದು ಗಂಟೆಗೆ ಸುಮಾರು 1.35 ಜಿಬಿ. ಇಡೀ ರಾತ್ರಿಯ, ಅಂದರೆ 8 ಗಂಟೆಯ ಯಕ್ಷಗಾನದ ಆಟ ಸುಮಾರು 11 ಜಿಬಿ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡಲು ಬಹುತೇಕ ಬಾಕ್ಸ್‌ಗಳು ಬಯಸುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಆದ್ದರಿಂದ ಆಟ ಕನಿಷ್ಠ ಮೂರು ತುಂಡಾಗುತ್ತದೆ. ಕೆಲವು ಬಾಕ್ಸ್‌ಗಳು 1 ಅಥವಾ 2 ಜಿಬಿಗೇ ಕತ್ತರಿಸುತ್ತವೆ. ‘ಮೂರು ಗಂಟೆಯ ನಂತರ ರೆಕಾರ್ಡಿಂಗ್ ನಿಂತುಹೋಗಿದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ: ಮುಂದಿನ ತುಂಡು ಪಕ್ಕದಲ್ಲೇ ಇರುತ್ತದೆ, ಕಾಪಿ ಮಾಡಿರುವುದಿಲ್ಲ.

ತುಂಡುಗಳನ್ನು ಜೋಡಿಸುವುದು ಸುಲಭ, ಏಕೆಂದರೆ ಟಿಎಸ್‌ನಲ್ಲಿ ಪೊಟ್ಟಣಗಳ ಸಾಲನ್ನು ಹಾಗೆಯೇ ಮುಂದುವರಿಸಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಪಿ ಆಜ್ಞೆ ಕೊಟ್ಟು, ಫೈಲುಗಳ ಹೆಸರಿನ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಸಾಕು. ಆದರೆ ಆಜ್ಞೆಯ ಜೊತೆ ‘ಸ್ಲ್ಯಾಶ್ ಬಿ’ ಇರಲೇಬೇಕು. ಅದು ಇಲ್ಲದಿದ್ದರೆ ವಿಂಡೋಸ್ ಫೈಲುಗಳನ್ನು ಬರಹವೆಂದು ತಿಳಿದು, ಬರಹದ ಕೊನೆಯನ್ನು ಸೂಚಿಸುವ ಒಂದು ಬೈಟ್ ಸಿಕ್ಕಲ್ಲೇ ನಿಲ್ಲಿಸಿಬಿಡುತ್ತದೆ. ಚಿತ್ರದ ಮಾಹಿತಿಯಲ್ಲಿ ಆ ಬೈಟ್ ಪದೇಪದೇ ಬರುವಂಥದ್ದು, ಆದ್ದರಿಂದ 4 ಜಿಬಿಯ ಬದಲು ಕೆಲವೇ ಕೆಬಿಯ ಫೈಲು ಸಿಗುತ್ತದೆ. ಆಜ್ಞೆ ಬರೆಯಲು ಬೇಸರವಾದವರು ಎಂಕೆವಿ ಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲ ತುಂಡನ್ನು ಸೇರಿಸಿ, ಉಳಿದವನ್ನು ‘ಅಪೆಂಡ್’ ಆಯ್ಕೆಯಲ್ಲಿ ಕೊಟ್ಟು, ‘ಸ್ಟಾರ್ಟ್ ಮಲ್ಟಿಪ್ಲೆಕ್ಸಿಂಗ್’ ಒತ್ತಲಿ. ಇದು ಚಿತ್ರವನ್ನು ಮುಟ್ಟದೆ ಹೊರಕವಚವನ್ನಷ್ಟೇ ಬದಲಿಸುತ್ತದೆ, ಹಾಗಾಗಿ ಗಂಟೆಗಟ್ಟಲೆ ಕಾಯುವ ಪ್ರಶ್ನೆಯಿಲ್ಲ. ಮಧ್ಯಕ್ಕೆ ಜಿಗಿದರೆ ಎಲ್ಲೋ ಹೋಗುವುದು, ಒಟ್ಟು ಅವಧಿ ಚಿತ್ರವಿಚಿತ್ರವಾಗಿ ತೋರುವುದು ಇಂಥ ತೊಂದರೆಗಳೂ ಬಹುಮಟ್ಟಿಗೆ ಇದರಲ್ಲೇ ಸರಿಹೋಗುತ್ತವೆ. ಪ್ರಸಾರದ ಒಳಗಡಿಯಾರ ಸುಮಾರು 26.5 ಗಂಟೆಗೊಮ್ಮೆ ಸೊನ್ನೆಗೆ ಮರಳುತ್ತದೆ; ಆ ಗಳಿಗೆ ನಮ್ಮ ರೆಕಾರ್ಡಿಂಗ್‌ನ ನಡುವೆ ಬಂದರೆ ಪ್ಲೇಯರ್ ದಿಕ್ಕು ತಪ್ಪುವುದು ಸಹಜ. ಜೋಡಿಸಿದ ಫೈಲನ್ನು ಮತ್ತೆ ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಜಾಗ ಖಾಲಿ ಇದ್ದರೂ ‘ಫೈಲು ತೀರಾ ದೊಡ್ಡದು’ ಎನ್ನುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಡಿಸ್ಕ್‌ಗೆ ಹಾಕಿ.

ಕನ್ವರ್ಟರ್ ನಿಜವಾಗಿ ಕೆಡುಕು ಮಾಡುವುದು ಚಿತ್ರದ ಚಲನೆಗೆ. ಈ ಪ್ರಸಾರದಲ್ಲಿ ಚಿತ್ರ ಸೆಕೆಂಡಿಗೆ 25 ಪೂರ್ಣ ಚೌಕಟ್ಟುಗಳಾಗಿ ಬರುವುದಿಲ್ಲ, 50 ಅರೆ ಚೌಕಟ್ಟುಗಳಾಗಿ ಬರುತ್ತದೆ. ಒಂದರಲ್ಲಿ ಬೆಸ ಸಾಲು, ಇನ್ನೊಂದರಲ್ಲಿ ಸಮ ಸಾಲು. ಎರಡನ್ನೂ ಹಾಗೆಯೇ ಒಟ್ಟು ಸೇರಿಸಿ ತೋರಿಸಿದರೆ ಚಲಿಸುವ ವಸ್ತುವಿನ ಅಂಚು ಬಾಚಣಿಗೆ ಹಲ್ಲಿನಂತೆ ಸೀಳುತ್ತದೆ. ಸುದ್ದಿ ಓದುವವರ ಮುಖದಲ್ಲಿ ಇದು ಕಾಣುವುದಿಲ್ಲ. ಯಕ್ಷಗಾನದ ಧೀಂಗಿಣದಲ್ಲಿ, ಕಬಡ್ಡಿಯಲ್ಲಿ ಎದ್ದು ಕಾಣುತ್ತದೆ. ಅರೆ ಚೌಕಟ್ಟುಗಳನ್ನು ಪೂರ್ಣ ಚಿತ್ರವಾಗಿಸುವ ಆಯ್ಕೆ, ಅಂದರೆ ವಿಎಲ್‌ಸಿಯ ವಿಡಿಯೊ ಮೆನುವಿನ ಡಿಇಂಟರ್‌ಲೇಸ್, ‘ಆಟೊಮ್ಯಾಟಿಕ್’ನಲ್ಲಿರುತ್ತದೆ, ಸಾಮಾನ್ಯವಾಗಿ ಅಷ್ಟು ಸಾಕು. ಹಲ್ಲು ಕಂಡರೆ ಅದನ್ನು ‘ಆನ್’ ಮಾಡಿ, ಡಿಇಂಟರ್‌ಲೇಸ್ ಮೋಡ್‌ನಲ್ಲಿ ‘ಯಾಡಿಫ್ 2ಎಕ್ಸ್’ ಆರಿಸಿ. 50 ಅರೆಗಳಿಂದ 50 ಪೂರ್ಣ ಚಿತ್ರಗಳಾಗಿ ಚಲನೆ ಟಿವಿಯಲ್ಲಿದ್ದಷ್ಟೇ ನುಣುಪಾಗುತ್ತದೆ. ಸಿಕ್ಕ ಕನ್ವರ್ಟರಿಗೆ ಫೈಲು ಕೊಟ್ಟರೆ ಅದು ಹಲ್ಲುಗಳ ಸಮೇತ ಹೊಸ ಚಿತ್ರವನ್ನು ಬೇಯಿಸಿಡುತ್ತದೆ, ಮತ್ತೆ ಬೇರ್ಪಡಿಸಲು ಆಗುವುದಿಲ್ಲ. ಫೋನಿಗಾಗಿ ಗಾತ್ರ ಇಳಿಸಲೇಬೇಕಿದ್ದವರು ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರಿನ ಫಿಲ್ಟರ್ಸ್ ಪುಟದಲ್ಲಿ ಡಿಇಂಟರ್‌ಲೇಸ್ ‘ಯಾಡಿಫ್’, ಅದರ ಪ್ರಿಸೆಟ್ ‘ಬಾಬ್’ ಎಂದಿಟ್ಟು, ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 20ರ ಆಸುಪಾಸು ಇಡಲಿ. ಮೂಲ ಟಿಎಸ್ ಫೈಲನ್ನು ಮಾತ್ರ ಅಳಿಸದಿರಲಿ.

ಮುಖಗಳು ಉದ್ದವಾಗಿಯೋ ಚಪ್ಪಟೆಯಾಗಿಯೋ ಕಂಡರೆ ವಿಎಲ್‌ಸಿಯಲ್ಲಿ ಇಂಗ್ಲಿಷಿನ ಎ ಕೀಲಿ ಒತ್ತುತ್ತಾ ಹೋಗಿ, 4:3 ಅಥವಾ 16:9 ಬಂದಾಗ ಸರಿಯಾಗುತ್ತದೆ. ದನಿ ಹಿಂದುಮುಂದಾದರೆ ಜೆ ಮತ್ತು ಕೆ ಕೀಲಿಗಳು ಪ್ರತಿ ಒತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಸರಿಸುತ್ತವೆ. ಮಳೆಗಾಲದ ರೆಕಾರ್ಡಿಂಗ್‌ನಲ್ಲಿ ಚೌಕಚೌಕವಾಗಿ ಒಡೆದ ಚಿತ್ರಕ್ಕೆ ಮದ್ದಿಲ್ಲ. ಡಿಶ್‌ಗೆ ಉಪಗ್ರಹದಿಂದ ಬರುವ ಕೆಯು ಬ್ಯಾಂಡಿನ ಅಲೆಯನ್ನು ಮಳೆ ಹೀರಿಕೊಂಡಾಗ ಆ ಪೊಟ್ಟಣಗಳು ಬಾಕ್ಸ್‌ಗೆ ತಲುಪಿಯೇ ಇರುವುದಿಲ್ಲ. ‘ರಿಪೇರಿ’ ಮಾಡಿಕೊಡುತ್ತೇವೆನ್ನುವ ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ.

ಕರೆಂಟ್ ಹೋದರೆ? ನಮ್ಮ ಊರುಗಳಲ್ಲಿ ಇದೇ ದೊಡ್ಡ ಪ್ರಶ್ನೆ. ಎಂಪಿ4 ಫೈಲಿನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುವುದರಿಂದ ನಡುವೆ ನಿಂತರೆ ಇಡೀ ಫೈಲು ತೆರೆಯದು. ಟಿಎಸ್‌ಗೆ ಅಂಥ ಸೂಚಿಯ ಹಂಗಿಲ್ಲ, ಎಲ್ಲಿಯವರೆಗೆ ಬರೆದಿದೆಯೋ ಅಲ್ಲಿಯವರೆಗೆ ಓಡುತ್ತದೆ. ಬಾಕ್ಸ್‌ನ ಮೆನುವಿನಲ್ಲಿ ರೆಕಾರ್ಡ್ ಟೈಪ್ ಎಂದು ಟಿಎಸ್, ಪಿಎಸ್ ಎರಡು ಆಯ್ಕೆ ಇದ್ದರೆ ಟಿಎಸ್ ಇಡಿ. ಫೈಲಿನ ಗಾತ್ರ ಸೊನ್ನೆ ಎಂದು ತೋರಿಸಿದರೂ ಆಸೆ ಬಿಡಬೇಕಿಲ್ಲ. ಆ ಪೆನ್‌ಡ್ರೈವ್‌ಗೆ ಹೊಸದಾಗಿ ಏನನ್ನೂ ಬರೆಯದೆ, ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ (chkdsk) ಆಜ್ಞೆಯನ್ನು ‘ಸ್ಲ್ಯಾಶ್ ಎಫ್’ ಜೊತೆ ಓಡಿಸಿ, ತುಣುಕುಗಳನ್ನು ಫೈಲಾಗಿ ಉಳಿಸಲೇ ಎಂದು ಕೇಳಿದಾಗ ಹೌದೆನ್ನಿ. ‘ಫೌಂಡ್.000’ ಎಂಬ ಮರೆಯ ಫೋಲ್ಡರಿನಲ್ಲಿ ‘ಸಿಎಚ್‌ಕೆ’ ಬಾಲದ ದೊಡ್ಡ ಫೈಲು ಸಿಕ್ಕರೆ, ಅದಕ್ಕೆ ಟಿಎಸ್ ಎಂದು ಹೆಸರಿಟ್ಟು ವಿಎಲ್‌ಸಿಗೆ ಕೊಡಿ.

ಪೆನ್‌ಡ್ರೈವ್ ಬದಲು ಪೋರ್ಟಬಲ್ ಹಾರ್ಡ್ ಡಿಸ್ಕ್ ಹಾಕಿದಾಗ ಬಾಕ್ಸ್ ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದರೆ ವಿದ್ಯುತ್ ಸಾಲುತ್ತಿಲ್ಲ ಎಂದರ್ಥ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, ತಿರುಗುವ ಡಿಸ್ಕ್ ಶುರುವಾಗುವಾಗ ಅದಕ್ಕಿಂತ ಹೆಚ್ಚು ಎಳೆಯಬಹುದು. ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿದರೆ ಆಯಿತು. ಟೈಮ್‌ಶಿಫ್ಟ್ (ನೇರಪ್ರಸಾರವನ್ನು ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸುವ ಸೌಲಭ್ಯ) ಬೇಡದವರು ಅದನ್ನು ಆಫ್ ಮಾಡಲಿ, ಕೆಲವು ಬಾಕ್ಸ್‌ಗಳಲ್ಲಿ ಸುಮ್ಮನೆ ಟಿವಿ ನೋಡುವಾಗಲೂ ಅದು ಡಿಸ್ಕ್‌ಗೆ ಬರೆಯುತ್ತಲೇ ಇರುತ್ತದೆ.

ಕಾನೂನಿನ ಬಗ್ಗೆಯೂ ಒಂದು ಮಾತು. ಪ್ರಸಾರವನ್ನು ಸ್ವಂತ ಬಳಕೆಗಾಗಿ ರೆಕಾರ್ಡ್ ಮಾಡಿಕೊಳ್ಳುವುದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಹೇಳುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಸೆರೆ ಎಂದು 2012ರಲ್ಲಿ ಸೇರಿದ 65ಎ ಕಲಮು ಹೇಳುತ್ತದೆ. ರೆಕಾರ್ಡಿಂಗನ್ನು ಯೂಟ್ಯೂಬಿಗೆ ಏರಿಸುವುದು ‘ಸ್ವಂತ ಬಳಕೆ’ ಆಗುವುದಿಲ್ಲ.

ಬಾಕ್ಸ್ ಮಾರುವವರು ರಟ್ಟಿನ ಮೇಲೆ ‘ಯುಎಸ್‌ಬಿ ರೆಕಾರ್ಡಿಂಗ್ ಸೌಲಭ್ಯ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ರೆಕಾರ್ಡ್ ಮಾಡಿದ್ದು ಬೇರೆ ಯಂತ್ರದಲ್ಲಿ ತೆರೆಯುತ್ತದೆಯೋ ಇಲ್ಲವೋ ಎಂಬ ಒಂದು ಸಾಲು ಅದರ ಕೆಳಗೆ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಕೊಳ್ಳುವವರು ಒಂದು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿಸಿ, ಅಲ್ಲೇ ಒಂದು ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ ಹಣ ಕೊಡಲಿ.

– ಓದುಗ, ತೀರ್ಥಹಳ್ಳಿ