ತಾನಾಗಿಯೇ ತೆರೆದುಕೊಂಡ ಬಾಡಿಗೆ ಪ್ಯಾರಾಚೂಟ್: ನಿಮ್ಮ ಬಿಲ್‌ಗೆ ನನ್ನ ಉತ್ತರ

ಗೆ,
ವ್ಯವಸ್ಥಾಪಕರು,
ಸಲಕರಣೆ ಬಾಡಿಗೆ ವಿಭಾಗ

ವಿಷಯ: 7ನೇ ನಂಬರಿನ ಬಾಡಿಗೆ ರಿಗ್ (ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಸರಂಜಾಮು) ಸುಮಾರು 9,200 ಅಡಿ ಎತ್ತರದಲ್ಲಿ ತಾನಾಗಿಯೇ ತೆರೆದುಕೊಂಡದ್ದು ಹಾಗೂ ಅದರ ದುರಸ್ತಿ ಖರ್ಚನ್ನು ನನ್ನ ತಲೆಗೆ ಕಟ್ಟಿರುವುದು.

ಮಾನ್ಯರೇ,

ನಿಮ್ಮ ಬಿಲ್ ಕೈಸೇರಿತು. ಎರಡು ಲೈನ್ (ಹಗ್ಗ) ಬದಲಿಸಿದ್ದಕ್ಕೆ ಇಷ್ಟು, ಹರಿದ ಸೆಲ್ (ಗಾಳಿ ತುಂಬುವ ಗೂಡು) ಹೊಲಿದಿದ್ದಕ್ಕೆ ಇಷ್ಟು, ಕೆನೋಪಿ (ಪ್ಯಾರಾಚೂಟಿನ ಬಟ್ಟೆ) ಪೂರ್ತಿ ತಪಾಸಣೆ ಮಾಡಿದ್ದಕ್ಕೆ ಇಷ್ಟು ಎಂದು ಬರೆದು, ಕೊನೆಯಲ್ಲಿ ‘ಗ್ರಾಹಕರ ತಪ್ಪು ಬಳಕೆಯಿಂದ’ ಎಂಬ ಷರಾ ಹಾಕಿದ್ದೀರಿ. ನನ್ನ ಠೇವಣಿಯನ್ನು ಅದಕ್ಕೇ ಮುರಿದುಕೊಂಡು, ಬಾಕಿ ಕಟ್ಟಿ ಎಂದಿದ್ದೀರಿ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಇದನ್ನು ಓದಿದೆ. ತಲೆ ಬಗ್ಗಿಸಲು ಆಗದು, ಹಾಗಾಗಿ ಕಾಗದವನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಬೇಕಾಯಿತು.

ಆ ಶನಿವಾರ ನಾವು ಮೂವರು ಬಂದಿದ್ದೆವು. ನನಗೆ 230ಕ್ಕೂ ಹೆಚ್ಚು ಜಂಪ್ ಆಗಿವೆ. ಗೆಳತಿಗೂ ಗೆಳೆಯನಿಗೂ ನನಗಿಂತ ಜಾಸ್ತಿ. ಅವರಿಬ್ಬರದು ಸ್ವಂತ ರಿಗ್. ನನ್ನದು ರಿಸರ್ವ್ (ಮುಖ್ಯ ಪ್ಯಾರಾಚೂಟ್ ಕೈಕೊಟ್ಟರೆ ಬಳಸುವ ಎರಡನೆಯದು) ಮರುಮಡಿಕೆಗೆ ರಿಗ್ಗರ್ (ಪ್ಯಾರಾಚೂಟ್ ಮಡಿಸಿ ದುರಸ್ತಿ ಮಾಡುವವರು) ಹತ್ತಿರ ಹೋಗಿದ್ದರಿಂದ ನಿಮ್ಮಲ್ಲಿ ಬಾಡಿಗೆಗೆ ತೆಗೆದುಕೊಂಡೆ. ಕೌಂಟರಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಫ್ರೀಫ್ಲೈ ಮಾಡ್ತೀವಿ, ಇದು ಅದಕ್ಕೆ ಆಗುತ್ತಾ?’ ನಿಮ್ಮ ಸಿಬ್ಬಂದಿ ತಲೆ ಎತ್ತದೆಯೇ ‘ಆಗುತ್ತೆ, ಎಲ್ಲರೂ ಅದರಲ್ಲೇ ಹಾರ್ತಾರೆ’ ಎಂದರು. ಬಾಡಿಗೆ ಚೀಟಿಯಲ್ಲೂ ‘ಫ್ರೀಫ್ಲೈ’ ಎಂದು ಅವರದೇ ಕೈಬರಹವಿದೆ.

ಈ ಪ್ರಶ್ನೆಯನ್ನು ಯಾಕೆ ಕೇಳುತ್ತಾರೆ ಎಂಬುದನ್ನು ಬಾಡಿಗೆ ವಿಭಾಗಕ್ಕೆ ಬಿಡಿಸಿ ಹೇಳಬೇಕಾಗಿ ಬಂದಿದ್ದೇ ಸೋಜಿಗ. ಆದರೂ ಹೇಳುತ್ತೇನೆ. ಹೊಟ್ಟೆ ಕೆಳಗೆ ಮಾಡಿಕೊಂಡು ಬೀಳುವವರ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಫ್ರೀಫ್ಲೈಯಲ್ಲಿ, ಅಂದರೆ ಕೂತ ಭಂಗಿಯಲ್ಲೋ ತಲೆಕೆಳಗಾಗಿಯೋ ಬಿದ್ದರೆ, ಅದು 250ಕ್ಕೆ ಏರುತ್ತದೆ, ಕೆಲವೊಮ್ಮೆ ಅದನ್ನೂ ದಾಟುತ್ತದೆ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ 190ರಲ್ಲಿ ಬೀಳುವಾಗಿನದಕ್ಕಿಂತ 250ರಲ್ಲಿ ಅದು ಸುಮಾರು ಮುಕ್ಕಾಲು ಪಾಲು ಹೆಚ್ಚು. ಗಾಳಿ ಬಡಿಯುವ ದಿಕ್ಕೂ ಬೇರೆ. ಹೊಟ್ಟೆ ಮೇಲೆ ಬೀಳುವಾಗ ಬೆನ್ನಿನ ಕಂಟೇನರ್ (ಪ್ಯಾರಾಚೂಟ್ ತುಂಬಿದ ಚೀಲ) ದೇಹದ ಮರೆಯಲ್ಲಿರುತ್ತದೆ. ಸಿಟ್ ಫ್ಲೈನಲ್ಲಿ, ಅಂದರೆ ಕೂತ ಭಂಗಿಯಲ್ಲಿ, ಗಾಳಿ ಕೆಳಗಿನಿಂದ ಬಂದು ಕಂಟೇನರಿನ ತಳಕ್ಕೇ ಹೊಡೆಯುತ್ತದೆ. ಪೈಲಟ್ ಚೂಟ್ (ಗಾಳಿ ಹಿಡಿದು ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಚಿಕ್ಕ ಪ್ಯಾರಾಚೂಟ್) ಮಡಚಿಟ್ಟ ಪೌಚ್ ಇರುವುದೂ ಅಲ್ಲೇ. 1990ರ ದಶಕದಲ್ಲಿ ಸ್ಕೈಡೈವರ್ ಓಲಾವ್ ಜಿಪ್ಸರ್‌ನಂಥವರು ಫ್ರೀಫ್ಲೈಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದ ಕಾಲದಿಂದಲೂ ಗೊತ್ತಿರುವ ಸಂಗತಿ ಇದು. ಪೌಚ್ ಬಿಗಿಯಾಗಿರಬೇಕು, ಬ್ರೈಡಲ್ (ಪೈಲಟ್ ಚೂಟನ್ನು ಮುಖ್ಯ ಪ್ಯಾರಾಚೂಟಿಗೆ ಸೇರಿಸುವ ಪಟ್ಟಿ) ಹೊರಗೆ ಇಣುಕಬಾರದು, ಕಂಟೇನರನ್ನು ಮುಚ್ಚಿಡುವ ಪಿನ್ನಿನ ಮೇಲಿನ ಮುಚ್ಚಳ ಗಾಳಿಗೆ ಏಳಬಾರದು. ಫ್ರೀಫ್ಲೈಗೆ ರಿಗ್ ಆಗುತ್ತದೆ ಎಂದರೆ ಇಷ್ಟೇ ಅರ್ಥ, ಇಷ್ಟಾದರೂ ಅರ್ಥ.

ಇಲ್ಲಿ ನನ್ನ ಪಾಲಿನದನ್ನೂ ಒಪ್ಪಿಕೊಳ್ಳುತ್ತೇನೆ. ರಿಗ್ ಹಾಕಿಕೊಳ್ಳುವ ಮುಂಚೆ ಬ್ರೈಡಲ್ ಒಂದೆರಡು ಬೆರಳಗಲ ಹೊರಗಿತ್ತು. ಅದನ್ನು ಒಳಗೆ ಸೇರಿಸಿದೆ. ಪೌಚ್ ಸ್ವಲ್ಪ ಮೆತ್ತಗಿದೆ ಅನ್ನಿಸಿತು. ವಿಮಾನದಲ್ಲಿ ಬಾಗಿಲು ತೆರೆಯುವ ಮೊದಲು ಒಬ್ಬರದೊಬ್ಬರು ಪಿನ್ ನೋಡಿಕೊಳ್ಳುವಾಗ ಗೆಳೆಯನೂ ಪೈಲಟ್ ಚೂಟಿನ ಹಿಡಿಯನ್ನು ಒತ್ತಿ, ‘ಪಿನ್ ಸರಿ ಇದೆ, ಪೌಚ್ ಸಡಿಲ ಕಣೋ’ ಅಂದ. ನಾನು ಕೈ ಹಿಂದೆ ಹಾಕಿ ಹಿಡಿಯನ್ನು ಇನ್ನಷ್ಟು ಒಳಗೆ ತಳ್ಳಿ ಸುಮ್ಮನಾದೆ. ಹಾರದೆ ವಿಮಾನದಲ್ಲೇ ಕೂತು ಕೆಳಗಿಳಿಯಬೇಕಿತ್ತು. ಆ ಬುದ್ಧಿ ನನಗೆ ತಡವಾಗಿ ಬಂತು. ಆದರೆ ಸಡಿಲವಾದ ಪೌಚನ್ನು ಕೈಗೆ ಕೊಟ್ಟು ‘ಆಗುತ್ತೆ’ ಎಂದದ್ದು ನೀವು.

13,500 ಅಡಿಯಿಂದ ಹೊರಬಿದ್ದೆವು. ಹೊಟ್ಟೆ ಮೇಲೆ ಬೀಳುವ ತಂಡ ನಮಗಿಂತ ಮುಂಚೆ ಹೋಗಿತ್ತು. ನಮ್ಮ ಹಿಂದೆ ಒಬ್ಬ ವಿದ್ಯಾರ್ಥಿ ತನ್ನ ತರಬೇತುದಾರರ ಜೊತೆ, ಕೊನೆಯಲ್ಲಿ ಒಂದು ಟ್ಯಾಂಡೆಮ್ (ಒಂದೇ ಪ್ಯಾರಾಚೂಟಿನಲ್ಲಿ ಇಬ್ಬರು). ನಮ್ಮ ಯೋಜನೆ ಸರಳವಿತ್ತು: ಗೆಳತಿ ತಲೆಕೆಳಗಾಗಿ, ನಾನು ಕೂತು, ಎದುರುಬದುರಾಗಿ ಕೈ ಹಿಡಿಯುವುದು. ಗೆಳೆಯ ನನ್ನ ಹಿಂದೆ, ಸ್ವಲ್ಪ ಮೇಲಿನಿಂದ ಇಳಿದು ಬಂದು ಮೂರನೆಯವನಾಗಿ ಸೇರುವುದು. ಅವನ ಹೆಲ್ಮೆಟ್ ಮೇಲೆ ಕ್ಯಾಮೆರಾ ಇತ್ತು. ನನ್ನ ಬೆನ್ನು ಅದರಲ್ಲಿ ನಿಚ್ಚಳವಾಗಿ ಬಂದಿದೆ.

ಹಾರಿ ಇಪ್ಪತ್ತೈದು ಸೆಕೆಂಡ್ ಆಗಿರಬಹುದು. ಗೆಳತಿಯ ಕೈ ಸಿಕ್ಕಿತು. ಅವಳ ಮುಖ ತಲೆಕೆಳಗಾಗಿ ನನ್ನೆದುರು, ಹೆಲ್ಮೆಟ್ ಗಾಜಿನೊಳಗೆ ಹಲ್ಲು ಕಾಣುವಷ್ಟು ನಗು. ಮರುಕ್ಷಣ ಆ ಕೈ ನನ್ನ ಕೈಯಿಂದ ಕಿತ್ತುಹೋಯಿತು. ಯಾರೋ ಹೆಗಲಿಗೆ ಹಗ್ಗ ಬಿಗಿದು ಜಗ್ಗಿದಂತೆ ಎದೆಯ ಪಟ್ಟಿ, ತೊಡೆಯ ಪಟ್ಟಿ ಒಟ್ಟಿಗೇ ಎಳೆದವು, ಗದ್ದ ಎದೆಗೆ ಬಡಿಯಿತು. ಕಣ್ಣು ಬಿಟ್ಟಾಗ ಸುತ್ತ ನಿಶ್ಶಬ್ದ, ಮಣಿಕಟ್ಟಿನ ಆಲ್ಟಿಮೀಟರಿನಲ್ಲಿ 9,000ಕ್ಕೂ ಸ್ವಲ್ಪ ಮೇಲೆ. 5,000 ಅಡಿಗೆ ಹೊಂದಿಸಿದ್ದ ಹೆಲ್ಮೆಟ್ಟಿನೊಳಗಿನ ಬೀಪ್ ಇನ್ನೂ ಕೂಗಿಯೇ ಇರಲಿಲ್ಲ.

ಗೆಳೆಯನ ವಿಡಿಯೋವನ್ನು ಒಂದೊಂದೇ ಫ್ರೇಮ್ ಬಿಟ್ಟು ನೋಡಿ. ಮೊದಲು ಹಿಡಿ ಪೌಚಿನ ಬಾಯಿಂದ ಅರ್ಧ ಹೊರಗೆ ಬರುತ್ತದೆ. ಮುಂದಿನ ಕೆಲವು ಫ್ರೇಮ್‌ಗಳಲ್ಲಿ ಪಟಪಟ ಬಡಿದುಕೊಳ್ಳುತ್ತದೆ. ಆಮೇಲೆ ಪೈಲಟ್ ಚೂಟ್ ಬಟ್ಟೆ ಹೊರಬಂದು, ಬ್ರೈಡಲ್ ಬಿಗಿದು, ಪಿನ್ ಕಿತ್ತು, ಪ್ಯಾರಾಚೂಟಿನ ಚೀಲ ಎದ್ದಿತು. ಆ ಹೊತ್ತಿನಲ್ಲಿ ನನ್ನ ಬಲಗೈ ಎಲ್ಲಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಅದು ಗೆಳತಿಯ ಕೈಯೊಳಗಿತ್ತು. ‘ನೀವೇ ಎಳೆದಿರಬಹುದು’ ಎಂದು ಫೋನಿನಲ್ಲಿ ಹೇಳಿದಿರಲ್ಲ, ಹಿಡಿಯನ್ನು ಎಳೆಯಬೇಕಾದ ಕೈ ಅದೇ.

ನನ್ನ ಕುತ್ತಿಗೆ ಆಮೇಲಿನ ಮಾತು. ನನ್ನನ್ನು ರಾತ್ರಿ ಎಬ್ಬಿಸುತ್ತಿರುವುದು ವಿಡಿಯೋದ ನಂತರದ ತುಣುಕು. ಪ್ಯಾರಾಚೂಟ್ ತೆರೆದವನು ಗಕ್ಕನೆ ನಿಧಾನವಾಗುತ್ತಾನೆ, ಉಳಿದವರು ಅದೇ ವೇಗದಲ್ಲಿ ಬೀಳುತ್ತಲೇ ಇರುತ್ತಾರೆ. ಅಂದರೆ ಮೇಲಿರುವವನ ಪಾಲಿಗೆ ನಾನು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಎದುರಿಗೆ ಏರಿಬಂದಂತೆ. ಗೆಳೆಯ ಇದ್ದದ್ದು ನನ್ನಿಂದ ಐದಾರು ಮೀಟರ್ ಮೇಲೆ, ಕೊಂಚ ಪಕ್ಕಕ್ಕೆ. ಪೈಲಟ್ ಚೂಟ್ ಅವನ ಕ್ಯಾಮೆರಾದ ಎಡ ಅಂಚಿನಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲಿ ಹಾದುಹೋಗಿದೆ. ಹಿಂದೆಯೇ ಲೈನ್‌ಗಳು. ಅವನು ಒಂದು ಮಾರು ಈಚೆ ಇದ್ದಿದ್ದರೆ ಈ ಪತ್ರ ಬರೆಯುತ್ತಿದ್ದದ್ದು ನಾನಾಗಿರುತ್ತಿರಲಿಲ್ಲ, ಬಹುಶಃ ನಿಮಗೂ ಬಿಲ್ ಕಳಿಸುವ ಪುರುಸೊತ್ತು ಇರುತ್ತಿರಲಿಲ್ಲ.

ಮುಂದೆ ನಾನು ಮಾಡಿದ್ದು ಕಲಿಸಿಕೊಟ್ಟದ್ದನ್ನೇ. ಮೇಲಿನಿಂದ ಇನ್ನೂ ಜನ ಬೀಳುವವರಿದ್ದಾರೆ ಎಂದು ಗೊತ್ತಿದ್ದರಿಂದ ವಿಮಾನ ಸಾಗಿದ ಗೆರೆಗೆ ಅಡ್ಡವಾಗಿ ತಿರುಗಿ ದೂರ ಹೋದೆ. ತಲೆ ಎತ್ತಿ ಕೆನೋಪಿ ನೋಡಿದೆ. ಬಲಗಡೆ ಎರಡು ಲೈನ್ ತುಂಡಾಗಿ ನೇತಾಡುತ್ತಿದ್ದವು, ಒಂದು ಸೆಲ್ಲಿನ ಹೊಲಿಗೆ ಬಿಟ್ಟು ಆಕಾಶ ಕಾಣುತ್ತಿತ್ತು. ಕೆನೋಪಿ ಬಲಕ್ಕೆ ಎಳೆಯುತ್ತಿತ್ತು. ಎಡ ಟಾಗಲ್ (ಕೆನೋಪಿ ತಿರುಗಿಸುವ ಹಿಡಿ) ತುಸು ಎಳೆದು ಹಿಡಿದರೆ ನೆಟ್ಟಗೆ ಹೋಗುತ್ತಿತ್ತು. ಎರಡೂ ಕಡೆ ತಿರುಗಿಸಿದೆ, ಎರಡೂ ಟಾಗಲ್ ಎಳೆದು ಫ್ಲೇರ್ ಮಾಡಿ (ವೇಗ ತಗ್ಗಿಸಿ) ನೋಡಿದೆ, ನಡೆಯಿತು. 2,500 ಅಡಿಗಿಂತ ಮೇಲೆಯೇ ಇದನ್ನು ಕತ್ತರಿಸುವುದೋ (ಕೆನೋಪಿ ಕಳಚಿಬಿಟ್ಟು ರಿಸರ್ವ್ ಎಳೆಯುವುದೋ) ಇಟ್ಟುಕೊಳ್ಳುವುದೋ ಎಂದು ತೀರ್ಮಾನ ಆಗಬೇಕು. ಇಟ್ಟುಕೊಂಡೆ. ಗಾಳಿ ನನ್ನನ್ನು ಒಂದೂವರೆ ಕಿಲೋಮೀಟರ್ ಆಚೆ ಒಯ್ದಿತ್ತು. ಉತ್ತ ಹೊಲದಲ್ಲಿ ಕೂತಹಾಗೆ ಜಾರಿ ಇಳಿದೆ. ಕತ್ತರಿಸಿ ರಿಸರ್ವ್ ಎಳೆದಿದ್ದರೆ ನಿಮ್ಮ ಕೆನೋಪಿ ಎಲ್ಲಿ ಬೀಳುತ್ತಿತ್ತೋ, ಸಿಗುತ್ತಿತ್ತೋ ಇಲ್ಲವೋ. ನಾನು ಉಳಿಸಿ ತಂದುಕೊಟ್ಟ ಕೆನೋಪಿಯ ಹೊಲಿಗೆ ಖರ್ಚನ್ನೇ ನನ್ನಿಂದ ಕೇಳುತ್ತಿದ್ದೀರಿ.

ಇಳಿದ ಮೇಲೆ, ರಿಗ್ ಹಿಂತಿರುಗಿಸುವ ಮುನ್ನ ಪೌಚಿನ ಫೋಟೋ ತೆಗೆದೆವು. ಅದರ ಬಾಯಿಯ ಎಲಾಸ್ಟಿಕ್ ಹಳೇ ಕಾಲುಚೀಲದ ಹಾಗೆ ಅಲೆಅಲೆಯಾಗಿ ಜೋತುಬಿದ್ದಿದೆ. ಪೈಲಟ್ ಚೂಟನ್ನು ಮತ್ತೆ ಮಡಚಿ ತುಂಬಿದ ಮೇಲೂ ಹಿಡಿಗೂ ಪೌಚಿನ ಬಾಯಿಗೂ ನಡುವೆ ನನ್ನ ಎರಡು ಬೆರಳು ಗೆಣ್ಣಿನವರೆಗೆ ಸಲೀಸಾಗಿ ಹೋದವು. ಅದೇ ಹೊತ್ತಿಗೆ ಗೆಳತಿಯ ರಿಗ್ಗಿನಲ್ಲೂ ಬೆರಳು ತೂರಿಸಲು ನೋಡಿದೆವು, ಉಗುರೂ ಹೋಗಲಿಲ್ಲ. ಇದು ಒಂದು ದಿನದಲ್ಲಿ ಸಡಿಲವಾದ ಬಟ್ಟೆ ಅಲ್ಲ. ನಿಮ್ಮ ಪ್ಯಾಕರ್ ಪ್ರತಿ ಸಲ ಪೈಲಟ್ ಚೂಟ್ ಅದರೊಳಗೆ ತುರುಕುವಾಗ ಕೈಗೆ ತಗುಲಿರಲೇಬೇಕು.

ಫೋನಿನಲ್ಲಿ ಕೊಟ್ಟ ನಿಮ್ಮ ಉತ್ತರದಲ್ಲಿ ರಿಸರ್ವ್ ಮರುಮಡಿಕೆಯ ಅವಧಿ ಮುಗಿದಿರಲಿಲ್ಲ, ಎಎಡಿ (ರಿಸರ್ವನ್ನು ತಾನಾಗಿಯೇ ತೆರೆಯುವ ಉಪಕರಣ) ಚಾಲೂ ಇತ್ತು, ಆದ್ದರಿಂದ ರಿಗ್ ಸುಸ್ಥಿತಿಯಲ್ಲಿತ್ತು ಎಂದಿದ್ದೀರಿ. ಎರಡೂ ನಿಜ, ಎರಡೂ ಇಲ್ಲಿ ಕೆಲಸಕ್ಕೆ ಬಾರದ ಮಾತು. ಎಎಡಿ ಇರುವುದು ಎಳೆಯಲು ಮರೆತವನಿಗೆ, ಪ್ರಜ್ಞೆ ತಪ್ಪಿದವನಿಗೆ. ಸೈಪ್ರೆಸ್ ಬಗೆಯ ಉಪಕರಣ ಸುಮಾರು 750 ಅಡಿಯಲ್ಲಿ, ಇನ್ನೂ ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ ರಿಸರ್ವ್ ಬಿಚ್ಚುತ್ತದೆ. 9,200 ಅಡಿಯಲ್ಲಿ ತಾನಾಗಿ ತೆರೆದುಕೊಳ್ಳುವ ಮೇನ್ ಪ್ಯಾರಾಚೂಟನ್ನು ಅದು ತಡೆಯುವುದಿಲ್ಲ. ಬ್ರೇಕ್ ಸವೆದ ಗಾಡಿಗೆ ಸೀಟ್ ಬೆಲ್ಟ್ ಹೊಸದಿತ್ತು ಅಂದ ಹಾಗಾಯಿತು.

ನಾನು ಸಹಿ ಮಾಡಿದ ಹೊಣೆಪತ್ರವನ್ನೂ ನೆನಪಿಸಿದ್ದೀರಿ. ಮಾಡಿದ್ದೇನೆ, ಓದಿಯೇ ಮಾಡಿದ್ದೇನೆ. ಆಕಾಶದಿಂದ ಹಾರುವುದರಲ್ಲಿರುವ ಅಪಾಯ ನನ್ನದು ಎಂದು ಒಪ್ಪಿದ್ದೇನೆ. ನಿಮ್ಮ ಪೌಚಿನ ಎಲಾಸ್ಟಿಕ್‌ನ ಸವಕಲು ಖರ್ಚನ್ನು ನಾನು ಭರಿಸುತ್ತೇನೆ ಎಂದು ಅದರಲ್ಲಿ ಎಲ್ಲೂ ಇಲ್ಲ.

ಬರೀ ದುಡ್ಡಿನ ವಿಷಯವಾಗಿದ್ದರೆ ಒಂದು ಪುಟದಲ್ಲಿ ಮುಗಿಸುತ್ತಿದ್ದೆ. ಈ ಪತ್ರ ಇಷ್ಟುದ್ದ ಆಗಿರುವುದು ಭಾನುವಾರ ಬೆಳಿಗ್ಗೆಯ ಕಾರಣಕ್ಕೆ. ಮರುದಿನ ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದಾಗ ಗೆಳತಿ ತನ್ನ ಸಾಮಾನು ತರಲು ನಿಮ್ಮಲ್ಲಿಗೆ ಬಂದಿದ್ದಳು. ಎರಡನೇ ಲೋಡ್ ಹತ್ತಲು ನಿಂತವರ ಸಾಲಿನಲ್ಲಿ ಒಬ್ಬ ಹುಡುಗಿಯ ಬೆನ್ನ ಮೇಲೆ 7ನೇ ನಂಬರಿನ ಕಂಟೇನರ್ ಕಂಡಿತು. ಒಳಗೆ ಬೇರೆ ಕೆನೋಪಿ ಹಾಕಿದ್ದಿರಿ. ಪೌಚ್ ಅದೇ. ಗೆಳತಿ ಹೋಗಿ ವಿಚಾರಿಸಿದರೆ, ಆಕೆಗೆ ಆಗಷ್ಟೇ ಮೂವತ್ತೆರಡು ಜಂಪ್ ಆಗಿವೆ, ಹಿಂದಿನ ದಿನ ಆ ರಿಗ್‌ಗೆ ಏನಾಗಿತ್ತು ಎಂದು ಯಾರೂ ಹೇಳಿಯೇ ಇಲ್ಲ. ಗೆಳತಿ ಪೌಚಿನೊಳಗೆ ಬೆರಳು ತೂರಿಸಿ ತೋರಿಸಿದ ಮೇಲೆ ಆ ಹುಡುಗಿ ತಾನೇ ರಿಗ್ ಬಿಚ್ಚಿ ಕೌಂಟರಿನ ಮೇಲಿಟ್ಟಳಂತೆ. ನಿಮ್ಮ ಸಿಬ್ಬಂದಿ ಗೆಳತಿಗೆ, ‘ಗ್ರಾಹಕರನ್ನು ಹೆದರಿಸಬೇಡಿ’ ಎಂದು ಗದರಿದರಂತೆ.

ಪೌಚ್ ಬದಲಿಸುವುದು ರಿಗ್ಗರ್‌ಗೆ ದೊಡ್ಡ ಕೆಲಸವಲ್ಲ. ನನಗೆ ಕಳಿಸಿದ ಬಿಲ್‌ನಲ್ಲಿ ಲೈನ್ ಇದೆ, ಸೆಲ್ ಇದೆ, ತಪಾಸಣೆ ಇದೆ, ಪೌಚ್ ಮಾತ್ರ ಇಲ್ಲ. ಅಂದರೆ ಇಷ್ಟೆಲ್ಲ ಆದಮೇಲೂ ಅದನ್ನು ಮುಟ್ಟಿಲ್ಲ ಎಂದೇ ನಾನು ತಿಳಿಯಬೇಕಾಗಿದೆ.

ಆದ್ದರಿಂದ ಮೊದಲು ಆ ಕಂಟೇನರನ್ನು ಬಾಡಿಗೆಯಿಂದ ತೆಗೆಯಿರಿ. ಪೌಚ್ ಬದಲಾಗಿ, ರಿಗ್ಗರ್ ನೋಡಿ ಬರೆದುಕೊಡುವವರೆಗೆ ಅದು ಯಾರ ಬೆನ್ನಿಗೂ ಏರಬಾರದು. ಇದಕ್ಕೆ ನನ್ನ ಪತ್ರಕ್ಕೆ ಉತ್ತರ ಬರೆಯುವವರೆಗೂ ಕಾಯಬೇಡಿ. ಬಾಡಿಗೆಗೆ ಇಟ್ಟಿರುವ ಉಳಿದ ರಿಗ್‌ಗಳ ಪೌಚ್, ಪಿನ್ ಸಿಕ್ಕಿಸುವ ಕ್ಲೋಸಿಂಗ್ ಲೂಪ್‌ಗಳನ್ನೂ ಒಮ್ಮೆ ನೋಡಿಸಿ. 7ನೇ ನಂಬರಿನ ನಿರ್ವಹಣೆ ಪುಸ್ತಕದಲ್ಲಿ ಪೌಚನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಿದ್ದೀರಿ ಎಂಬ ಪುಟದ ನಕಲು ನನಗೆ ಬೇಕು. ಬಿಲ್ ರದ್ದಾಗಬೇಕು, ಠೇವಣಿ ಪೂರ್ತಿ ವಾಪಸ್ ಬರಬೇಕು, ‘ಗ್ರಾಹಕರ ತಪ್ಪು ಬಳಕೆ’ ಎಂಬ ಷರಾವನ್ನು ನಿಮ್ಮ ದಾಖಲೆಯಿಂದ ಹೊಡೆದುಹಾಕಿ ಅದನ್ನು ನನಗೆ ಲಿಖಿತವಾಗಿ ತಿಳಿಸಬೇಕು. ಆಸ್ಪತ್ರೆ ಖರ್ಚಿನ ಬಗ್ಗೆ ಬೇರೆಯೇ ಪತ್ರ ಬರೆಯುತ್ತೇನೆ. ಹದಿನೈದು ದಿನ ಕಾಯುತ್ತೇನೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಇದೇ ಪತ್ರವನ್ನು ವಿಡಿಯೋ ಸಮೇತ ನಿಮಗೆ ಪರವಾನಗಿ ಕೊಟ್ಟವರಿಗೂ ಗ್ರಾಹಕರ ವೇದಿಕೆಗೂ ಕಳಿಸುತ್ತೇನೆ.

ಬಾಡಿಗೆ ಚೀಟಿಯ ನಕಲು, ವೈದ್ಯರ ಚೀಟಿ, ಪೌಚಿನ ನಾಲ್ಕು ಫೋಟೋ ಮತ್ತು ವಿಡಿಯೋ ಲಗತ್ತಿಸಿದ್ದೇನೆ. ಫೋಟೋದಲ್ಲಿರುವ ಬೆರಳು ನನ್ನದು. ನಿಮ್ಮ ಬೆರಳನ್ನೂ ಹಾಕಿ ನೋಡಿ.

ಇಂತಿ,
ಆ ಶನಿವಾರ 7ನೇ ನಂಬರಿನ ರಿಗ್ ಬಾಡಿಗೆಗೆ ಪಡೆದವನು