ತೊಂಬತ್ತು ತುಂಬಿದಾಗ, ನನಗೆ ಕಣ್ಣಾದವರಿಗೆ

ಕಳೆದ ವಾರ ನನಗೆ ತೊಂಬತ್ತು ತುಂಬಿತು. ಹಳೆಯ ವಿದ್ಯಾರ್ಥಿಗಳು ಮನೆ ತುಂಬ ನೆರೆದಿದ್ದರು. ಒಬ್ಬೊಬ್ಬರೂ ಹತ್ತಿರ ಬಂದು ಕೈ ಹಿಡಿದು ತಮ್ಮ ಹೆಸರು, ಓದಿದ ವರ್ಷ, ಕೂರುತ್ತಿದ್ದ ಬೆಂಚು ಎಲ್ಲವನ್ನೂ ಹೇಳಿದರು. ನನಗೆ ಮುಖಗಳು ಕಾಣುವುದಿಲ್ಲವೆಂದು ಯಾರೋ ಮೊದಲೇ ತಿಳಿಸಿದ್ದರಂತೆ. ಮಾತನಾಡಲು ಎದ್ದು ನಿಂತಾಗ ಗಂಟಲು ಕಟ್ಟಿತು. ಅಂದು ಆಡದೆ ಉಳಿದದ್ದನ್ನು ಈಗ ಹೇಳಿ ಬರೆಸುತ್ತಿದ್ದೇನೆ.

ನಾನು ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದವನು. ಇತಿಹಾಸದಲ್ಲಿ ಪದವಿಯಿಲ್ಲ, ಹಳಗನ್ನಡವನ್ನು ಕ್ರಮವಾಗಿ ಕಲಿತವನೂ ಅಲ್ಲ. ಶಾಸನಗಳ ದಾರಿಗೆ ಬಿದ್ದದ್ದೂ ಇಂಗ್ಲಿಷಿನಿಂದಲೇ. ಕಾಲೇಜಿನ ಗ್ರಂಥಾಲಯದಲ್ಲಿ ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಏಳನೆಯ ಸಂಪುಟವಿತ್ತು. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ನಾನು ಮೊದಲು ಓದಿದ್ದು ಅದರ ಇಂಗ್ಲಿಷ್ ಅನುವಾದವನ್ನು. ಬಸ್ಸಿನಲ್ಲಿ ಹಾದುಹೋಗುವ ಊರುಗಳೇ, ಅಲ್ಲಿನ ಕೆರೆಗಳೇ ಪರಭಾಷೆಯಲ್ಲಿ ಎದುರು ಬಂದು ನಿಂತಾಗ ನಿಜವಾಗಿ ನಾಚಿಕೆಯಾಯಿತು. ಮುಂದಿನ ಭಾನುವಾರವೇ ಶಿರಾಳಕೊಪ್ಪದ ಬಸ್ಸು ಹತ್ತಿ ಬಳ್ಳಿಗಾವಿಗೆ ಹೋದೆ.

ಅಲ್ಲಿಂದಾಚೆಗೆ ನನಗೆ ಓದು ಕಲಿಸಿದವರು ಕಲ್ಲುಗಳ ಮಗ್ಗುಲಲ್ಲೇ ಬದುಕುವ ಜನ. ಮೊದಮೊದಲು ನಡುಮಧ್ಯಾಹ್ನ ಹೋಗಿ ಅಕ್ಷರ ಕಾಣದೆ ಮರಳುತ್ತಿದ್ದೆ. "ಬಿಸಿಲು ನೆತ್ತಿಗೇರಿದರೆ ಕಲ್ಲು ಬಾಯಿ ಬಿಡುವುದಿಲ್ಲ ಮೇಷ್ಟ್ರೇ, ಎಳೆಬಿಸಿಲಿಗೆ ಬನ್ನಿ" ಎಂದವರು ದನ ಕಾಯುತ್ತಿದ್ದ ಒಬ್ಬ ಅಜ್ಜ. ಓರೆ ಬೆಳಕಿನಲ್ಲಿ ಸವೆದ ಗೆರೆಗೂ ನೆರಳು ಬರುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಇಳಿಸಿಕೊಳ್ಳುವ ಪಡಿಯಚ್ಚು ತೆಗೆಯುವಾಗ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಗಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ತೇವ ಆರುತ್ತ ಬಂದಾಗ ಮಸಿ ಒತ್ತಬೇಕು. ಒಂದು ಗಾಳಿ ಬೀಸಿದರೆ ಅಷ್ಟೂ ಹಾಳು. ಕೆಲಸ ಬಿಟ್ಟು ಬಂದು, ಕಂಬಳಿಯನ್ನು ಗಾಳಿಗೆ ಅಡ್ಡ ಹಿಡಿದು ನಿಂತ ರೈತರು ಎಷ್ಟೋ ಮಂದಿ. ಅವರ ಹೆಸರು ನನ್ನ ಪುಸ್ತಕಗಳಲ್ಲಿ ಬರಲಿಲ್ಲ. ಬರಬೇಕಿತ್ತು. ಆ ತಪ್ಪು ನನ್ನದು.

ಒಂದು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದಾಗ ಅದು ವೀರಗಲ್ಲಾಗಿತ್ತು. ಮನೆಯಾಕೆ ನೀರು ಹಾಕಿ ತೊಳೆದು, "ಸತ್ತವನ ಹೆಸರೇನು?" ಎಂದು ಕೇಳಿದರು. ಹೆಸರಿದ್ದ ಕಡೆಯೇ ಸವೆದಿತ್ತು. ಊರಿನ ದನಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತನೆಂದಷ್ಟೇ ಓದಿ ಹೇಳಿದೆ. "ಹಾಗಾದರೆ ನಮ್ಮವನೇ" ಎಂದವರು ಮರುವಾರ ನಾನು ಹೋಗುವಷ್ಟರಲ್ಲಿ ಅದನ್ನು ಬೇಲಿಯ ಪಕ್ಕ ನೆಟ್ಟು ಹೂವಿಟ್ಟಿದ್ದರು. ಆ ತಾಯಿಗೆ ನನ್ನ ನಮಸ್ಕಾರ ತಲುಪಲಿ.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಶಾಸನ ಕಂಬದ ಬಳಿಗೆ ನನ್ನೊಂದಿಗೆ ಬಂದ ಎಲ್ಲ ತರಗತಿಗಳಿಗೂ ಋಣಿಯಾಗಿದ್ದೇನೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋದ ಕಥೆ ಅದರಲ್ಲಿದೆ. ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಆ ಕಲ್ಲಿನ ಮೇಲೆ ಬರೆದನೆಂದೂ ಇದೆ. ಅದನ್ನು ಹೇಳಿದ ಕೂಡಲೇ ಮಕ್ಕಳು ಸಾಲಾಗಿ ಬಂದು ಕಂಬವನ್ನು ಮುಟ್ಟಿ ನೋಡುತ್ತಿದ್ದರು. ಪಾಠ ಹೇಳಿದ ಅಷ್ಟು ವರ್ಷಗಳಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂತೋಷ ಸಿಕ್ಕಿಲ್ಲ.

ನನ್ನ ಹೆಂಡತಿ ಓದಿದ್ದು ಏಳನೆಯ ತರಗತಿ. ನನ್ನ ಗೀಚುಬರಹವನ್ನೆಲ್ಲ ದುಂಡಗೆ ಪ್ರತಿ ಮಾಡಿಕೊಟ್ಟವಳು ಅವಳು. ಬಳ್ಳಿಗಾವಿಯ ಕೋಡಿಯ ಮಠದ ಹೆಸರಿಗೆ ನಾನು ಕೋಡು, ಶಿಖರ ಎಂದೆಲ್ಲ ಅರ್ಥ ಹುಡುಕುತ್ತಿದ್ದಾಗ, ಅಡುಗೆಮನೆಯಿಂದಲೇ "ಅಲ್ಲಿ ಕೆರೆ ಇದೆಯೇ? ಇದ್ದರೆ ಕೆರೆಯ ಕೋಡಿಯೇ ಇರಬೇಕು" ಎಂದಳು. ಕೆರೆ ಇತ್ತು. ಬೇಸಾಯದ ಮನೆಯಿಂದ ಬಂದವಳಿಗೆ ತಟ್ಟನೆ ಹೊಳೆದದ್ದು ನನಗೆ ಎರಡು ವರ್ಷ ಹೊಳೆದಿರಲಿಲ್ಲ. ಅವಳು ಹೋಗಿ ಹದಿನಾಲ್ಕು ವರ್ಷಗಳಾದವು. ಅವಳಿಗೆ ಕೃತಜ್ಞತೆಯನ್ನು ಬಾಯಿ ಬಿಟ್ಟು ಹೇಳಿದ್ದು ನೆನಪಿಲ್ಲ.

ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಣಿನ ಒಳಪರದೆ ಸವೆದು ನಡುವಿನ ದೃಷ್ಟಿ ಹೋಯಿತು. ನೇರ ನೋಡಿದ್ದು ಅಳಿಸಿಹೋಗುತ್ತದೆ, ಅಂಚಿನಲ್ಲಿರುವುದು ಮಾತ್ರ ಮಸುಕಾಗಿ ಉಳಿಯುತ್ತದೆ. ಆ ವರ್ಷ ನಾನು ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಸಹಿಸಿಕೊಂಡ ಮಗ, ಸೊಸೆ, ಕಳಕಳಿಯಿಂದ ನೋಡಿಕೊಂಡ ವೈದ್ಯರು, ಇವರ ಉಪಕಾರ ದೊಡ್ಡದು. ಆದರೆ ನನ್ನನ್ನು ಮತ್ತೆ ಕೆಲಸಕ್ಕೆ ಕೂರಿಸಿದವಳು ನನ್ನ ವಿದ್ಯಾರ್ಥಿಯೊಬ್ಬನ ಮೊಮ್ಮಗಳು. ಆರು ವರ್ಷಗಳಿಂದ ಶನಿವಾರ ತಪ್ಪಿಸದೆ ಬಂದು ಓದುತ್ತಾಳೆ, ನಾನು ಹೇಳಿದ್ದನ್ನು ಬರೆಯುತ್ತಾಳೆ. ನನ್ನ ಕೊನೆಯ ಪುಸ್ತಕ ಅವಳ ಕೈಬರಹದಲ್ಲಿದೆ.

ಹುಟ್ಟುಹಬ್ಬದ ದಿನ ಎಲ್ಲರೂ ಹೋದ ಮೇಲೆ ಅವಳು ಉಳಿದಿದ್ದಳು. ಕೋಡಿಯ ಮಠದ 1162ರ ಶಾಸನ ಓದು ಎಂದೆ. ಆ ಮಠದಲ್ಲಿ ವಿದ್ಯೆಗಳನ್ನು ಕಲಿಸುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು, ಬಂದವರಿಗೆ ಅನ್ನವಿತ್ತು. ಅನ್ನ ಯಾರಿಗೆಂಬ ಪಟ್ಟಿ ಉದ್ದವಾಗಿದೆ. ದೀನರು, ಅನಾಥರು, ಹೆಳವರು ಎಂದು ಅರ್ಥ ಬಿಡಿಸುತ್ತ ಬಂದವಳು ಕುರುಡರು ಎನ್ನುವಲ್ಲಿ ಗಕ್ಕನೆ ನಿಂತಳು.

"ಮುಂದೆ ಓದಮ್ಮ" ಎಂದೆ.

ಕಿವುಡರು, ಕಥೆ ಹೇಳುವವರು, ಹಾಡುವವರು, ಕೊಳಲು ನುಡಿಸುವವರು, ಕುಣಿಯುವವರು ಎಂದು ಅವಳು ಓದುತ್ತ ಹೋದಳು.